ಕೊಂಡ ಹೊತ್ತು ಕೊಟ್ಟವನು

"ಬುದ್ಧೀ, ನನ್ನ ಹಾಗೆ ಮಾತಾಡುವವರು ಈ ಮಠದಲ್ಲಿ ಇನ್ಯಾರಿದ್ದಾರೆ? ಆದರೂ ಜನ ನಡುವೆಯೇ ಎದ್ದು ಹೋಗುತ್ತಾರಲ್ಲ, ಯಾಕೆ?" ಎಂದು ಗುರುಮಲ್ಲನೆಂಬ ಶಿಷ್ಯ ಮಠದ ಸ್ವಾಮಿಗಳನ್ನು ಕೇಳಿದ.

ಆಗಷ್ಟೇ ಪ್ರವಚನ ಮುಗಿಸಿ ಬಂದಿದ್ದ. ಹಣೆಯ ಬೆವರು ಆರಿರಲಿಲ್ಲ.

"ಒಂದು ಕಡೆಯೂ ತಡವರಿಸಲಿಲ್ಲ ಬುದ್ಧೀ. ಮುಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಏನೋ ಕೇಳಲು ಕೈಯೆತ್ತಿದಳು. ಓಘ ಕೆಟ್ಟೀತು ಎಂದು ಕೂತುಕೋ ಅಂತ ಸನ್ನೆ ಮಾಡಿ ಮುಂದುವರಿಸಿದೆ. ಅಷ್ಟು ಬಿಗಿಯಾಗಿತ್ತು ಮಾತು!"

ಸ್ವಾಮಿಗಳು ನಕ್ಕರು. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಳ್ಳಿಯಿಂದ ಬಂದವನು. ಸೈಕಲ್ಲಿಗೆ ತಪ್ಪಲೆ, ಕೊಳಗ ಕಟ್ಟಿಕೊಂಡು ಊರೂರು ಕೂಗಿ ಮಾರಿದವನು. ಅದೆಂಥ ಗಂಟಲು ಅಂತೀಯ! ಊರ ಬಾಗಿಲಲ್ಲಿ ಕೂಗಿದರೆ ಹಿತ್ತಿಲಲ್ಲಿದ್ದ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು. ಆ ಗಂಟಲನ್ನೇ ನಂಬಿ ಪೇಟೆಬೀದಿಯಲ್ಲಿ ಸಣ್ಣ ಅಂಗಡಿ ಇಟ್ಟ. ಎದುರಿಗೆ ಮೂರಂತಸ್ತಿನ ದೊಡ್ಡ ಅಂಗಡಿ. ಇವನ ಕೂಗಿಗೆ ಪೇಟೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಮದುವೆಯ ಕಾಲ ಬಂತು. ಈ ಸಲವೂ ಗಿರಾಕಿ ಹತ್ತದಿದ್ದರೆ ಖಾಲಿ ಮಾಡು, ಎದುರಂಗಡಿಯವರು ಗೋದಾಮಿಗೆ ಕೇಳುತ್ತಿದ್ದಾರೆ ಎಂದು ಕಟ್ಟಡದ ಯಜಮಾನ ಹೇಳಿಬಿಟ್ಟ.

ಆ ಪಟ್ಟಣದಲ್ಲಿ ಒಂದು ರೇಡಿಯೋ ಕೇಂದ್ರ ಇತ್ತು. ಹಾಡಿಲ್ಲ, ಬರೀ ಮಾತು. ಬೆಳಿಗ್ಗೆ ಜನ ಫೋನು ಮಾಡಿ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು, ಊರೇ ಕೇಳುತ್ತಿತ್ತು. ನಡುನಡುವೆ ಜಾಹೀರಾತಿಗೆಂದು ಬ್ರೇಕು. ಆ ಹೊತ್ತನ್ನು ಮಾರುವುದಕ್ಕೇ ಅಲ್ಲೊಬ್ಬನಿದ್ದ. ವ್ಯಾಪಾರಿ ಅವನ ಮುಂದೆ ಹೋಗಿ ಕೂತ.

"ನೋಡಣ್ಣ, ಎಲ್ಲ ಹೊತ್ತಿಗೂ ಒಂದೇ ಬೆಲೆ ಅಲ್ಲ," ಎಂದ ಹೊತ್ತು ಮಾರುವವನು. "ಬ್ರೇಕಿನ ಮೊದಲ ಜಾಗ ದುಬಾರಿ, ಜನರ ಕಿವಿ ಇನ್ನೂ ಅಲ್ಲೇ ಇರುತ್ತೆ. ನಡುವಿನದು ಅಗ್ಗ, ಅಷ್ಟರಲ್ಲಿ ಗುಂಡಿ ತಿರುಗಿಸಿರುತ್ತಾರೆ. ಎಲ್ಲಾದರೂ ಉಳಿದ ಜಾಗಕ್ಕೆ ತುರುಕಿ ಅಂದರೆ ಇನ್ನೂ ಅಗ್ಗ."

"ಎಲ್ಲಕ್ಕಿಂತ ದುಬಾರಿ ಯಾವುದು ಹೇಳು."

"ಬೆಳಗಿನ ಎರಡನೇ ಬ್ರೇಕು. ಫೋನಿನಲ್ಲಿರುವವರ ಕತೆ ಕುದಿಗೆ ಬಂತು ಅನ್ನುವಾಗ ಅಲ್ಲೇ ನಿಲ್ಲಿಸುತ್ತೇವೆ. ಮುಂದೇನಾಯಿತೋ ಅಂತ ಯಾರೂ ರೇಡಿಯೋ ಆರಿಸಲ್ಲ."

"ಅದು ಪೂರ್ತಿ ನನಗೇ ಇರಲಿ."

"ಪೂರ್ತಿನಾ? ತಲೆ ನೆಟ್ಟಗಿದೆ ತಾನೇ ಅಣ್ಣ? ಎದುರಂಗಡಿಯವರೇ ಅದರಲ್ಲಿ ಒಂದು ತುಣುಕು ಕೊಳ್ಳೋದು."

"ಅವರು ತುಣುಕು ಕೊಳ್ಳೋ ಜನ. ನಾನು ಇಡೀದು ಕೊಳ್ಳೋನು!"

ಸೈಕಲ್ಲನ್ನೂ ಮಾರಿ ಒಂದೇ ಒಂದು ಬೆಳಗಿನ ಆ ಎರಡನೇ ಬ್ರೇಕು ಕೊಂಡ. ತನ್ನದೇ ಗಂಟಲಲ್ಲಿ ಕೂಗಿ ಧ್ವನಿ ಮುದ್ರಿಸಿಕೊಟ್ಟ. ಆ ಕೂಗು ಊರಿಡೀ ಮೊಳಗುವುದನ್ನು ಕಣ್ಣಾರೆ ನೋಡಬೇಕೆಂದು ಹೊಸ ಅಂಗಿ ತೊಟ್ಟು ರೇಡಿಯೋ ಕೇಂದ್ರಕ್ಕೆ ಹೋಗಿ, ಮಾತಾಡುವ ಕೋಣೆಯ ಗಾಜಿನ ಈಚೆ ಕೂತ.

ಅಂದು ಫೋನಿನಲ್ಲಿ ಒಬ್ಬಳು ಹೆಂಗಸು. ಸ್ವಂತ ತಂಗಿಯ ಜೊತೆ ಮಾತು ಬಿಟ್ಟವಳು. ತಂಗಿಯ ಮಗಳಿಗೆ ಮದುವೆ ಗೊತ್ತಾಗಿದೆ, ಹೋಗಲೋ ಬೇಡವೋ ಎನ್ನುತ್ತಿದ್ದಳು. ಮಾತು ಬಿಟ್ಟಿದ್ದು ಯಾಕೆ ತಾಯಿ ಎಂದು ಕಾರ್ಯಕ್ರಮ ನಡೆಸುವವನು ಕೇಳಿದ.

"ಅವ್ವ ತಂಗಿ ಮನೇಲಿದ್ದಳು. ಸಾಯೋ ದಿನ ನಾನು ಆ ಮನೆ ಬಾಗಿಲಲ್ಲಿ ನಿಂತಿದ್ದೆ. ತಂಗಿ..." ಎಂದಳು.

ನಡೆಸುವವನು ಗಡಿಯಾರ ನೋಡಿ ಬ್ರೇಕಿಗೆ ಬೆರಳೆತ್ತಿದ.

ವ್ಯಾಪಾರಿ ಕೂತಲ್ಲೇ ಮುಂದಕ್ಕೆ ಬಾಗಿದ. ತನ್ನ ಕೂಗಿಗಾಗಿ ಅಲ್ಲ. ತಂಗಿ ಏನು ಮಾಡಿದಳು? ಅವನಿಗೆ ಅದು ಬೇಕಾಗಿತ್ತು. ಈಗ ಯಾವನಾದರೂ ಬಂದು ತಪ್ಪಲೆ ಕೊಳಗ ಎಂದು ಅರಚಿದರೆ ಅವನ ಬಾಯಿಗೆ ಬಟ್ಟೆ ತುರುಕಬೇಕು ಎನಿಸಿತು. ಮರುಕ್ಷಣವೇ ಆ ಅರಚುವವನು ತಾನೇ ಎಂದು ಹೊಳೆಯಿತು. ಎದ್ದು ಗಾಜನ್ನು ದಬದಬ ಬಡಿದ.

"ನನ್ನ ಕೂಗು ಹಾಕಬೇಡಿ! ಆಯಮ್ಮ ಮಾತಾಡಲಿ!"

"ದುಡ್ಡು ವಾಪಸ್ ಬರಲ್ಲ ಅಣ್ಣ," ಎಂದ ಹೊತ್ತು ಮಾರುವವನು.

"ನಾನು ದುಡ್ಡು ಕೇಳಿದ್ನಾ? ಹೊತ್ತು ನಂದು. ನನ್ನ ಜಗಲಿ ಮೇಲೆ ಯಾರನ್ನ ಕೂರಿಸಬೇಕು ಅಂತ ನೀನು ಹೇಳಬೇಡ!"

ನಡೆಸುವವನು ಎತ್ತಿದ ಬೆರಳು ಇಳಿಸಿದ. "ತಾಯೀ, ಇದು ಜಾಹೀರಾತಿನ ಹೊತ್ತು. ಪೇಟೆಬೀದಿಯ ಸಣ್ಣ ಪಾತ್ರೆ ಅಂಗಡಿಯವರು ಕೊಂಡದ್ದು. ನಿಮ್ಮ ಮಾತು ಮುಗಿಯಲಿ ಎಂದು ನಿಮಗೇ ಬಿಟ್ಟುಕೊಟ್ಟಿದ್ದಾರೆ. ಹೇಳಿ."

ಆಕೆ ಉಸಿರೆಳೆದುಕೊಂಡಳು. "ತಂಗಿ ಬಾಗಿಲು ತೆಗೀಲಿಲ್ಲ ಅಂತ ಕಂಡೋರಿಗೆಲ್ಲ ಹೇಳಿಕೊಂಡು ಬಂದೆ. ನಾನು ಬಾಗಿಲು ಬಡೀಲೇ ಇಲ್ಲ ಸ್ವಾಮಿ. ಅವಳೇ ಬಂದು ಕರೀಲಿ ಅಂತ ನಿಂತಿದ್ದು ತಿರುಗಿ ಬಂದುಬಿಟ್ಟೆ." ಆಮೇಲೆ ಬಿಕ್ಕುತ್ತಲೇ, "ಹೋಗ್ತೀನಿ ಮದುವೆಗೆ," ಎಂದಳು.

ಹೋಟೆಲುಗಳಲ್ಲಿ ಕಾಫಿ ಆರಿಹೋಯಿತು. ಕುಡಿಯುವವರು ಲೋಟ ಹಿಡಿದು ಹಾಗೇ ಕೂತಿದ್ದರು.

ಮರುದಿನ ಸಣ್ಣ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರಿಗಿಂತ ಮುಂದೆ ಅಕ್ಕತಂಗಿಯರಿಬ್ಬರು, ಮದುಮಗಳ ಪಾತ್ರೆಗೆ ಬಂದವರು. "ಹೊತ್ತು ಕೊಟ್ಟವರು ನೀವೇನಾ?" ಎಂದು ಕೇಳಿದರು. ಎದುರಂಗಡಿಯ ಕೆಲಸದವರು ಮೂರಂತಸ್ತಿನ ಕಿಟಕಿಗಳಿಂದಲೂ ಇಣುಕಿ ನೋಡಿದರು. ಖಾಲಿ ಮಾಡು ಎಂದಿದ್ದ ಕಟ್ಟಡದ ಯಜಮಾನ ಸಾಲಿನ ಕೊನೆಯಲ್ಲಿ ನಿಂತು ಒಂದು ಕೊಳಗ ಕೊಂಡು ಹೋದ. ವ್ಯಾಪಾರಿ ಎದೆಯುಬ್ಬಿಸಿ ನಿಂತಿದ್ದ. ಅವತ್ತು ಅವನು ಒಂದು ಸಲವೂ ಕೂಗಲಿಲ್ಲ.

ಹೊತ್ತು ಮಾರುವವನು ಬಿಟ್ಟಾನೆಯೇ? ಮುಂದಿನ ವಾರವೇ, ಹೊತ್ತು ಬಿಟ್ಟುಕೊಡುವುದಕ್ಕೂ ಒಂದು ದರ ಕಟ್ಟಿದ. ಎದುರಂಗಡಿಯವರು ಅದನ್ನೂ ಕೊಂಡರು. ಆದರೆ ಮೊದಲು ಕೊಟ್ಟವನು ಯಾರೆಂದು ಊರಿಗೆ ಗೊತ್ತಿತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲ ತೊಡೆ ತಟ್ಟಿದ.

"ಭಲೇ! ಗೆದ್ದನಲ್ಲ ಬುದ್ಧೀ ನಮ್ಮ ಹಳ್ಳಿಯವನು! ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ."

"ಹಾಗಾದರೆ ಹೇಳು," ಎಂದರು ಸ್ವಾಮಿಗಳು, "ಕೈಯೆತ್ತಿದ ಆ ಮುದುಕಿ ಏನು ಕೇಳಬೇಕೆಂದಿದ್ದಳು?"

ಗುರುಮಲ್ಲ ಎದ್ದು, ಆ ಮುದುಕಿ ಇನ್ನೂ ಇದ್ದಾಳೇನೋ ಎಂದು ಪ್ರವಚನದ ಜಾಗಕ್ಕೆ ಓಡಿದ.