ಅಧ್ಯಕ್ಷರ ಸೋಫಾ, ಓಬಣ್ಣನ ತೆರೆ

ನಮ್ಮೂರ ಬಯಲಾಟಕ್ಕೆ ಮತ್ತೆ ಜೀವ ಬಂದದ್ದು ಕಲಾ ಪರಿಷತ್ತಿನಿಂದಲೇ. ಕಿರೀಟ, ಮದ್ದಳೆ, ಕುಣಿಯುವ ಅಟ್ಟ, ಎಲ್ಲ ಅವರದೇ ಕೊಡುಗೆ. ಅದಕ್ಕೇ ಪರಿಷತ್ತಿನ ಅಧ್ಯಕ್ಷ ರುದ್ರಮುನಿಯಪ್ಪನವರು ಹಟ ಹಿಡಿದರು: "ನನ್ನ ಸೋಫಾ ಅಟ್ಟದ ಮೇಲೆ, ನಡುಮಧ್ಯ ಇರಬೇಕು. ಆಟ ಮುಗಿಯೋವರೆಗೂ."

ಹಾಗಾದರೆ ಭೀಮ ಎಲ್ಲಿ ಕುಣಿಯಬೇಕು? ಬೇಡ ಎಂದರೆ ಮುಂದಿನ ವರ್ಷ ಆಟವೇ ಇಲ್ಲ. ಭಾಗವತರು ಬೆವರಿದರು.

ತೆರೆ ಹಿಡಿಯುವ ಓಬಣ್ಣ ಮಾತ್ರ "ಕುಂತ್ಕಳ್ಳಿ ಬಿಡ್ರಿ" ಅಂದ. ಹೊಸ ಪಾತ್ರ ಬಂದಾಗ ಅದರ ಮುಂದೆ ಬಟ್ಟೆ ಹಿಡಿದು, ತಾಳ ಏರಿದಾಗ ಇಳಿಸುವುದು, ಇಷ್ಟೇ ಅವನ ಕೆಲಸ.

ಅಧ್ಯಕ್ಷರು ಗತ್ತಿನಿಂದ ಸೋಫಾದಲ್ಲಿ ಕೂತರು. ಓಬಣ್ಣ ಜೊತೆಗಾರನನ್ನು ಕರೆದು ಅವರ ಮುಂದೆಯೇ ತೆರೆ ಹಿಡಿದ. ಮದ್ದಳೆಯವನಿಗೆ ಕಣ್ಣು ಹೊಡೆದ. ತಾಳ ಏರಿತು, ತೆರೆ ಇಳಿಯಿತು. ಭಾಗವತರ ಬಾಯಿಂದ ರೂಢಿಯ ಪ್ರಶ್ನೆ ತಾನಾಗಿ ಬಂತು: "ಬಂದಂಥವರು ಧಾರು? ತಮ್ಮ ನಾಮಾಂಕಿತವೇನು?"

"ಏನೋ ಇದು?" ಎಂದು ಅಧ್ಯಕ್ಷರು ಓಬಣ್ಣನ ಕಡೆ ಪಿಸುಗುಟ್ಟಿದರು.

"ಅಟ್ಟ ಹತ್ತಿದವರು ಕುಣಿದು ಹೆಸರು ಹೇಳ್ಬೇಕು ಸಾಮಿ. ನೀವೇ ಉಳಿಸಿದ ಪದ್ಧತಿ."

ಊರೆಲ್ಲ ಸಿಳ್ಳೆ ಹೊಡೆಯಿತು. ಅಧ್ಯಕ್ಷರು ಎದ್ದು ಎರಡು ಹೆಜ್ಜೆ ಹಾಕಿದರು. ಶಾಲು ಜಾರಿತು, ತಾಳ ತಪ್ಪಿತು. ಮೊದಲು ನಕ್ಕವರು ಅವರೇ. ಸೋಫಾ ತೆಗೆಸಿ, ಕೆಳಗಿಳಿದು ಚಾಪೆಯ ಮೇಲೆ ಕೂತು, ಭೀಮನ ಕುಣಿತಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮರುವರ್ಷ ಅವರು ನೇರ ಬಣ್ಣದ ಮನೆಗೇ ಬಂದರು. "ಓಬಣ್ಣ, ಸೋಫಾ ಬೇಡಪ್ಪ. ಮನೇಲಿ ಹೆಜ್ಜೆ ಕಲ್ತಿದೀನಿ. ಒಂದು ಪಾತ್ರ ಕೊಡ್ಸು."

ಓಬಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿ, ತೆರೆಯ ಒಂದು ತುದಿಯನ್ನು ಅವರ ಕೈಗಿತ್ತ.

"ಹೊಸಬರು ಮೊದಲು ಇದನ್ನ ಹಿಡೀಬೇಕು ಸಾಮಿ."