ಮುದೇನಕೊಪ್ಪದ ಮಸಿಗೌಡನ ಬಂಡೆ

ಮುದೇನಕೊಪ್ಪದಲ್ಲಿ ಬಸ್ಸಿಳಿದು, ನಿಲ್ದಾಣವೆಂದು ಸುಳ್ಳು ಹೆಸರು ಹೊತ್ತ ತಗಡಿನ ಚಪ್ಪರವನ್ನು ಬೆನ್ನಿಗೆ ಹಾಕಿ ಹೊರಟರೆ, ಎರೆಹೊಲಗಳ ನಡುವಿನ ಹಳೆಯ ಬಂಡಿದಾರಿಯ ಪಕ್ಕದಲ್ಲಿ ಆಳೆತ್ತರದ ಒಂದು ಬಂಡೆ ಕಾಣುತ್ತದೆ. ಯಾರೋ ಮಂಡಿ ಮಡಚಿ ಕುಳಿತು ದಾರಿ ಕಾಯುತ್ತಿರುವ ಆಕಾರ. ಮೈಯೆಲ್ಲ ಬೂದುಬಣ್ಣ, ಕುತ್ತಿಗೆಯಿಂದ ಮೇಲೆ ಕಡುಕಪ್ಪು. ನೋಡಲು ಬಂದವರು ಒಂದು ಹಿಡಿ ಮಸಿಯನ್ನು ಅದರ ಮುಖಕ್ಕೆ ಎರಚಿ, ಮನಸಾರೆ ಒಂದು ಬೈಗುಳ ಬೈದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಪ್ಪು ಏನಾದರೂ ಕಡಿಮೆಯಾಯಿತೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಮಸಿ ಎರಚಿದ ಮೇಲೆ ಕಪ್ಪು ಹೇಗೆ ಕಡಿಮೆಯಾದೀತು ಎಂದು ಕೇಳುವ ಬುದ್ಧಿ ಇದುವರೆಗೆ ಯಾರಿಗೂ ಬಂದಿಲ್ಲ. ಬಂದಿದ್ದರೆ ಅವರು ಮುದೇನಕೊಪ್ಪದ ತನಕ ಬರುತ್ತಲೇ ಇರಲಿಲ್ಲ. ಒಮ್ಮೆ ಪಟ್ಟಣದಿಂದ ಬಂದ ವಿದ್ವಾಂಸರೊಬ್ಬರು ಭೂತಗನ್ನಡಿ ಹಿಡಿದು ನೋಡಿ, ಇದು ಕಲ್ಲಿಗೆ ಹತ್ತಿದ ಒಂದು ಬಗೆಯ ಪಾಚಿ ಎಂದರು. ಊರವರು ಅವರಿಗೆ ಚಹಾ ಕುಡಿಸಿ, ಪಾಚಿಗೂ ಒಂದು ಮಾತು ಬೈದು ಹೋಗಿರೆಂದು ಒತ್ತಾಯ ಮಾಡಿದರು. ಅವರು ಬೈದರಂತೆ, ಬಹಳ ಸಪ್ಪೆಯಾಗಿ ಬೈದರು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದ ಕಾಲ. ಯಾವ ದೇಸಾಯರೆಂದು ಕೇಳಬಾರದು. ಕೇಳಿದವರಿಗೆ ಇಲ್ಲಿ ದಿನಕ್ಕೊಂದು ಹೆಸರು ಸಿಗುತ್ತದೆ. ಆಗ ಮುದೇನಕೊಪ್ಪದ ಮನೆಗಳೆಲ್ಲ ಕಲ್ಲುಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ಒಲೆಯ ನೆತ್ತಿಗೆ ಮಾಳಿಗೆಯನ್ನು ಸೀಳಿಕೊಂಡು ಮೇಲೇಳುವ ಮಣ್ಣಿನ ಕೊಳವೆಯೊಂದು ಇರುತ್ತಿತ್ತು. ಅದಕ್ಕೆ ಹೊಗೆಗೂಡು ಎನ್ನುತ್ತಿದ್ದರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸಗಣಿಯ ಕುಳ್ಳು ಉರಿದು ಉರಿದು ವರ್ಷದೊಳಗೆ ಗೂಡಿನ ಒಳಮೈಗೆ ಮಸಿ ದಪ್ಪಗೆ ಕಟ್ಟುತ್ತಿತ್ತು. ಸುಗ್ಗಿ ಮುಗಿದೊಡನೆ ಗೂಡಿನ ಹುಲಿಗೆವ್ವ ಬರುತ್ತಿದ್ದಳು. ಅವಳ ಮನೆತನದ ಕಸುಬೇ ಅದು. ಹೆಗಲ ಮೇಲೆ ಉದ್ದನೆಯ ಬಿದಿರಿನ ಗಳ, ಗಳದ ತುದಿಗೆ ಈಚಲಗರಿಯ ಪೊರಕೆ, ಸೊಂಟಕ್ಕೆ ಕಲ್ಲು ಕಟ್ಟಿದ ಹಗ್ಗ. ಒಲೆಯ ಬಾಯಿಗೆ ಹಸಿ ಗೋಣಿತಟ್ಟು ಮುಚ್ಚಿಸಿ, ಮಾಳಿಗೆ ಏರಿ, ಗೂಡಿನೊಳಗೆ ಪೊರಕೆ ಇಳಿಬಿಟ್ಟು ಉಜ್ಜುವಳು. ಬಿರುಕು ಕಂಡಲ್ಲಿ ಹೊಟ್ಟು ಕಲಸಿದ ಮಣ್ಣು ಮೆತ್ತುವಳು. ಕೊನೆಗೆ ಮಳೆನೀರು ಇಳಿಯದಂತೆ ಗೂಡಿನ ತಲೆಗೆ ಒಡಕು ಗಡಿಗೆ ಕವುಚುವಳು. ಇಷ್ಟೇ ಆಗಿದ್ದರೆ ಹೇಳಲು ಏನೂ ಇರಲಿಲ್ಲ. ಆದರೆ ಮಸಿ ಬಲು ಮಾನಗೇಡಿ, ಅದನ್ನು ಬೈಯದೆ ಅದು ಗೋಡೆ ಬಿಡುವುದಿಲ್ಲ ಎಂಬುದು ಈ ಊರಿನ ಗಟ್ಟಿ ನಂಬಿಕೆ. ಹೀಗಾಗಿ ಗೂಡು ಉಜ್ಜುವಾಕೆ ಮಸಿಯನ್ನು ಬಾಯಿ ತುಂಬ ಬೈಯಬೇಕು, ಬೈಗುಳ ಮನೆಯವರ ಕಡೆ ಹೊರಳಿದರೂ ಯಾರೂ ಸಿಟ್ಟಾಗಬಾರದು, ಇದು ಕಟ್ಟಳೆ. ಗಳಕ್ಕೂ ತೋಳಿನ ಬಲಕ್ಕೂ ಈ ಕೆಲಸದಲ್ಲಿ ಸ್ವಲ್ಪ ಪಾಲಿದೆ ಎನ್ನುವ ಅನುಮಾನದ ಜನ ಅಂದೂ ಇದ್ದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹುಲಿಗೆವ್ವ ಮಾಳಿಗೆ ಏರಿದಳೆಂದರೆ ಊರಿಗೆ ಊರೇ ಕೆಲಸ ಬಿಟ್ಟು ಕೆಳಗೆ ನೆರೆಯುತ್ತಿತ್ತು. ಯಾಕೆಂದರೆ ಮಸಿಯ ಜಿಡ್ಡು ನೋಡಿಯೇ ಆ ಮನೆಯಲ್ಲಿ ಏನು ಬೆಂದಿತು, ಯಾರಿಗೆ ಬಡಿಸದೆ ಯಾರು ತಿಂದರು ಎಂಬುದನ್ನು ಅವಳು ಓದಿಬಿಡುತ್ತಿದ್ದಳು, ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ರೋಗ ಅವಳಿಗಿರಲಿಲ್ಲ.

ಊರಿಗೆ ಆಗ ಅಂದಾನಗೌಡ ಗೌಡ. ಮೀಸೆಗೆ ಹಚ್ಚುವ ಬೆಣ್ಣೆಯ ಕಾಲು ಭಾಗ ತಲೆಯೊಳಗೆ ಹೋಗಿದ್ದರೂ ಊರು ಉದ್ಧಾರವಾಗುತ್ತಿತ್ತು ಎಂದು ಹೆಂಡತಿ ನೀಲಗಂಗವ್ವನೇ ಹೇಳುತ್ತಿದ್ದಳಂತೆ. ಸೋಮವಾರ ತಾನು ಒಪ್ಪತ್ತು ಇರುವುದಾಗಿ ಅವನು ಊರೆಲ್ಲ ಸಾರಿದ್ದ. ಆ ದಿನ ಚಾವಡಿಯಲ್ಲಿ ಕಣ್ಣು ಅರ್ಧ ಮುಚ್ಚಿ, ಹಸಿವಿನ ತೇಜಸ್ಸು ಮುಖಕ್ಕೆ ತಂದುಕೊಂಡು ಕುಳಿತಿರುತ್ತಿದ್ದ. ಒಂದು ಸುಗ್ಗಿಯಲ್ಲಿ ಹುಲಿಗೆವ್ವ ಅವನ ಮಾಳಿಗೆ ಏರಿದವಳು ಗೂಡಿನೊಳಗೆ ಮೂಗಿಟ್ಟು, ಊರು ಕೇಳುವಂತೆ ಮಸಿಯನ್ನು ಬೈದಳು: “ಏ ಮಸಿ, ಸೋಮವಾರಕ್ಕೊಮ್ಮೆ ಒಪ್ಪತ್ತು ಅಂತ ಹೇಳಿ ಕದ ಹಾಕ್ಕೊಂಡು ಭಜಿ ಕರಿಸೋ ಗಂಡಸಿನ ಗೂಡಿನಾಗ ಕುಂತು ಎಣ್ಣಿ ಕುಡದು ಕೊಬ್ಬೀಯಲ್ಲ. ಅವಗಂತೂ ಇಲ್ಲ, ನಿನಗಾದರೂ ನಾಚಿಕಿ ಬ್ಯಾಡೇನು?” ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ದಾಯಾದಿ ಕಳಕನಗೌಡ. ಆ ನಗು ಅಂದಾನಗೌಡನ ಕಿವಿಯಲ್ಲಿ ಕುಳಿತುಬಿಟ್ಟಿತು. ಅಂದಿನಿಂದ ಅವನು ಹುಲಿಗೆವ್ವನನ್ನು ತನ್ನ ಮಾಳಿಗೆಗೆ ಹತ್ತಗೊಡಲಿಲ್ಲ. ಸುಗ್ಗಿಗಳು ಬಂದವು, ಹೋದವು. ಭಜಿ ನಿಲ್ಲಲಿಲ್ಲ, ಮಸಿಯೂ ನಿಲ್ಲಲಿಲ್ಲ.

ಹೀಗಿರುವಾಗ ದೇಸಾಯರು ಬರುವ ಸುದ್ದಿ ಬಂತು. ಗೌಡಕಿ ಮುಂದುವರಿಯಬೇಕಾದರೆ ದೇಸಾಯರು ಗೌಡನ ಮನೆಯಲ್ಲಿ ಉಂಡು, ಕೈತೊಳೆದು, ತಮ್ಮ ಕೈಯಾರೆ ಅವನ ತಲೆಗೆ ರುಮಾಲು ಸುತ್ತಬೇಕು. ಉಣ್ಣದೆ ಎದ್ದರೆ ಗೌಡಕಿ ದಾಯಾದಿಯ ಪಾಲು. ನೀಲಗಂಗವ್ವ ಗಂಡನಿಗೆ ನೇರವಾಗಿಯೇ ಹೇಳಿದಳು, ಒಂದು ಒಲೆ ಹೊತ್ತಿಸಿದರೇ ಹೊಗೆ ಹಿಂದಕ್ಕೆ ಬರುತ್ತಿದೆ, ದೇಸಾಯರ ಅಡಿಗೆಗೆ ಒಲೆಗಳ ಸಾಲೇ ಹೊತ್ತಬೇಕು, ಹುಲಿಗೆವ್ವನನ್ನು ಕರೆಸು ಎಂದು. ಅಂದಾನಗೌಡ ಕರೆಸಿದ. ಕಟ್ಟೆಯ ಮೇಲೆ ಕಾಲುಮೇಲೆ ಕಾಲು ಹಾಕಿ, ಅವಳು ನಿಂತ ಕಡೆ ನೋಡದೆ ಹೇಳಿದ:

“ಬಾಯಿ ಮುಚ್ಚಿಕೊಂಡು ಉಜ್ಜಿ ಹೋಗು.”

“ಬಾಯಿ ಮುಚ್ಚಿದರ ನನ್ನ ಕೈ ಏಳೂದಿಲ್ರೀ ಗೌಡ್ರ.”

“ಹಂಗಾರ ಒಂದು ಮಾತು ಬೈ. ನಾಯಿ ಅನ್ನು. ಭಜಿ ಸುದ್ದಿ ಮಾತ್ರ ತೆಗೀಬ್ಯಾಡ.”

“ನಾಯಿ ನಿಮ್ಮ ಮನಿಗೆ ಒಪ್ಪೂದಿಲ್ರೀ. ಅದು ಕದ್ದು ತಿಂದರ ಬಾಲ ಮುದುಡತೈತಿ.”

ಕಟ್ಟೆಯ ಹಿಂದೆ ಕಿಸಕ್ಕೆಂದವರು ಯಾರೋ ತಿಳಿಯಲಿಲ್ಲ. ಅಂದಾನಗೌಡ ಕತ್ತೆ ಎಂಬಲ್ಲಿಯವರೆಗೆ ಇಳಿದ. ಹುಲಿಗೆವ್ವ, ಕತ್ತೆ ಭಾರ ಹೊರುತ್ತದೆ, ಅದನ್ನೂ ಇಲ್ಲಿ ತರುವುದು ಬೇಡ ಎಂದಳು. ಹೀಗೆ ಊರಿನ ಸಕಲ ಪ್ರಾಣಿಗಳ ಮಾನ ಉಳಿಸಿ, ಗಳ ಹೆಗಲಿಗೇರಿಸಿ ಹೊರಟುಹೋದಳು. ಬಾಗಿಲೊಳಗಿಂದ ನೀಲಗಂಗವ್ವ, “ಒಂದು ಬೈಗಳಕ್ಕ ಸಾಯ್ತಿದ್ದೇನ್ ನೀ? ನಾ ದಿನಾ ಬೈತೀನಿ, ಸತ್ತಿಯೇನು?” ಎಂದಳು. ಅವಳ ಮಾತು ಗಂಡನ ಮೇಲೆ ಮಳೆ ಕಲ್ಲಿನ ಮೇಲೆ ಬಿದ್ದಂತೆ ಬಿದ್ದು ಹರಿದುಹೋಯಿತು.

ಗೌಡನ ಹಿಂದೆ ಕೊಡೆ ಹಿಡಿದು ನಡೆಯುವ ಭರಮಪ್ಪ ಎಂಬೊಬ್ಬನಿದ್ದ. ಗೌಡ ಸೀನಿದರೆ ಗುಡುಗಿತೆಂದು ಕೊಡೆ ಬಿಚ್ಚುವ ಜಾತಿಯ ಮನುಷ್ಯ. ಬೈದರೆ ಬಿಡುವ ಮಸಿ ಹೊಗಳಿದರೆ ಇನ್ನೂ ಬೇಗ ಬಿಡುತ್ತದೆ ಎಂಬ ಜ್ಞಾನೋದಯವಾದದ್ದು ಇವನಿಗೇ. ಹೊಗಳಿಕೆಗೆ ತಾನೇ ಎಷ್ಟು ಬೇಗ ಸಡಿಲವಾಗುತ್ತೇನೆಂದು ಚೆನ್ನಾಗಿ ಬಲ್ಲ ಅಂದಾನಗೌಡ ಕೂಡಲೇ ಒಪ್ಪಿದ. ಭರಮಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಸಿಗೆ ನೋವಾಗಬಾರದೆಂದು ಈಚಲಗರಿಯ ಬದಲು ನವಿಲುಗರಿಯ ಕುಂಚ ಹಿಡಿದು ಮಾಳಿಗೆ ಏರಿದ. “ಎಲೈ ಮಸಿತಾಯೇ, ಕಸ್ತೂರಿಯ ಖಾಸಾ ತಂಗಿಯೇ, ನಮ್ಮ ಗೌಡರ ಒಪ್ಪತ್ತಿನ ಪುಣ್ಯದಾಗ ಬೆಳೆದಾಕಿಯೇ, ದಯಮಾಡಿ ಇಳೀಬೇಕು” ಎಂದು ಹಾಡಿ ಹಾಡಿ ಸವರಿದ. ಕೈಯಗಲದಷ್ಟು ಮಸಿ ಕೆಳಗೆ ಉದುರಿತು. ಗೌಡ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, “ಮರ್ಯಾದಿಯಿಂದ ಬಂತು ನೋಡು” ಎಂದ. ಕೆಳಗೆ ನಿಂತಿದ್ದ ಜನ ಬೈಗುಳವಿಲ್ಲದ ಆ ಸಪ್ಪೆ ಕಾರ್ಯಕ್ಕೆ ಆಕಳಿಸಿ ಮನೆಗೆ ಹೋದರು.

ದೇಸಾಯರು ಬಂದರು. ಪಡಸಾಲೆಯಲ್ಲಿ ಪಂಕ್ತಿ ಹಾಕಿದರು, ಒಳಗೆ ಒಲೆಗಳ ಸಾಲು ಹೊತ್ತಿತು. ಹೊಗೆ ಗೂಡಿನವರೆಗೆ ಹೋಗಿ, ಮೇಲೆ ದಾರಿ ಕಾಣದೆ, ಬಂದ ದಾರಿಯಲ್ಲೇ ತಿರುಗಿತು. ಮೊದಲು ಅಡಿಗೆಯವರು ಕೆಮ್ಮುತ್ತ ಓಡಿಬಂದರು, ಹಿಂದೆಯೇ ಹೊಗೆ ಬಂತು. ದೇಸಾಯರ ಕಣ್ಣಲ್ಲಿ ನೀರು ಸುರಿಯಿತು. ಭರಮಪ್ಪ, ಧಣಿಗಳಿಗೆ ಆನಂದಬಾಷ್ಪ ಬಂದಿದೆ ಎಂದ. ಅಂದಾನಗೌಡನಿಗೆ ತಲೆಯ ಮೇಲಿನ ರುಮಾಲು ಹೊಗೆಯ ಜೊತೆ ಹಾರಿಹೋಗುವುದು ಕಣ್ಣಿಗೆ ಕಟ್ಟಿತು. ಒಳಗೆ ನುಗ್ಗಿ, ಒಲೆಗೆ ನೀರು ಸುರಿದು, ಗೂಡಿನ ಬಾಯಿಗೆ ತಲೆ ತೂರಿಸಿ, ಕೈಗೆ ಸಿಕ್ಕ ಒನಕೆಯಿಂದ ಮೇಲಕ್ಕೆ ಗುದ್ದಿದ. ಎಷ್ಟೋ ಸುಗ್ಗಿಗಳ ಮಸಿ, ಸೋಮವಾರಗಳ ಎಣ್ಣೆಯಲ್ಲಿ ಹದವಾಗಿ ನೆಂದದ್ದು, ಒಂದೇ ಸಲಕ್ಕೆ ಅವನ ಮೇಲೆ ಇಳಿಯಿತು. ಪಡಸಾಲೆಗೆ ಹೊರಬಂದದ್ದು ಒಂದು ಕಪ್ಪು ಕಂಬ. ಅದರಲ್ಲಿ ಎರಡು ಕಣ್ಣು ಮಿಟುಕುತ್ತಿದ್ದವು, ಬಾಯಿ ತೆರೆದರೆ ಮಾತಿನ ಬದಲು ಮಸಿಯ ಕೆಮ್ಮು ಬರುತ್ತಿತ್ತು.

ದೇಸಾಯರು ಕಣ್ಣೊರೆಸಿಕೊಂಡು, “ಇವ ಯಾರು?” ಎಂದರು.

ಕಳಕನಗೌಡ ಹತ್ತಿರ ಬಂದು, ಸುತ್ತ ಒಂದು ಸುತ್ತು ತಿರುಗಿ ನೋಡಿ, “ಗೊತ್ತಿಲ್ರೀ ಧಣಿ. ನಮ್ಮೂರಾಗ ಇಂಥಾವ್ರು ಯಾರೂ ಇಲ್ಲ” ಎಂದ. ದೇಸಾಯರು ಊರವರ ಕಡೆ ನೋಡಿದರು. ಊರವರು ಒಬ್ಬರ ಮುಖ ಒಬ್ಬರು ನೋಡಿ ಇಲ್ಲವೆಂದು ತಲೆಯಾಡಿಸಿದರು. ಆ ಊರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದೇ, ಕೊನೆಯದೂ ಅದೇ. ಕೊಡೆ ಹಿಡಿದ ಭರಮಪ್ಪ ಆಗಲೇ ಕಳಕನಗೌಡನ ಹಿಂದೆ ನಿಂತಿದ್ದ. ದೇಸಾಯರು ಎದ್ದು ಕಳಕನಗೌಡನ ಮನೆಗೆ ಹೋಗಿ ಉಂಡರು, ರುಮಾಲು ಸುತ್ತಿದರು. ಅವನ ಗೂಡು ಹುಲಿಗೆವ್ವ ಆ ಸುಗ್ಗಿಯಲ್ಲೇ ಉಜ್ಜಿದ್ದು. ಉಜ್ಜುವಾಗ ಅವಳು ಅವನನ್ನು ಕರೆದ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಅಂದಾನಗೌಡ ಮೈ ತೊಳೆದ. ಸೀಗೆಪುಡಿ, ಹುಣಸೆ, ಹುಳಿಮಜ್ಜಿಗೆ, ಕೊನೆಗೆ ಎರೆಮಣ್ಣು. ಕುತ್ತಿಗೆಯಿಂದ ಕೆಳಗಿನದು ಹೋಯಿತು, ಮುಖದ್ದು ಹೋಗಲಿಲ್ಲ. ಬೈಯದೆ ಬಿಡುವುದಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು. ನೀಲಗಂಗವ್ವ ಬೈದಳು, ಅವಳ ಬೈಗುಳಕ್ಕೆ ಆ ಚರ್ಮ ಎಂದೋ ಒಗ್ಗಿಹೋಗಿತ್ತು. ಊರವರನ್ನು ಕೇಳಿಕೊಂಡ. ಇಷ್ಟು ದಿನ ಹಲ್ಲಿನ ಹಿಂದೆ ಕಾದಿಟ್ಟದ್ದನ್ನೆಲ್ಲ ಅವರು ಸಂತೋಷದಿಂದ ಹೊರತೆಗೆದರು. ಸಾಲುಗಟ್ಟಿ ಬಂದು ಬೈದರು, ಬೈದವರೇ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಒಂದು ಚೂರೂ ಕಪ್ಪು ಕದಲಲಿಲ್ಲ. ಹಾಗಾದರೆ ಉಳಿದವಳು ಒಬ್ಬಳೇ. ಅವಳು ಬರುವ ಬಂಡಿದಾರಿಯ ಪಕ್ಕಕ್ಕೆ ಹೋಗಿ, ಮಂಡಿ ಮಡಚಿ, ಅವನು ಕಾದು ಕುಳಿತ.

ಸುಗ್ಗಿ ಮುಗಿದು ಹುಲಿಗೆವ್ವ ಬಂದಳು. ಊರು ಹಿಂದೆ ಗುಂಪುಗೂಡಿತ್ತು. ಈ ಬೈಗುಳಕ್ಕಾಗಿ ಪಕ್ಕದ ಊರಿನವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅಂದಾನಗೌಡ ಎರಡೂ ಕೈ ಜೋಡಿಸಿದ. “ಬೈಯವ್ವಾ. ಭಜಿ ಅಂತನೂ ಅನ್ನು. ಎಲ್ಲಾರ ಮುಂದ ಅನ್ನು.” ಹುಲಿಗೆವ್ವ ನಿಂತಳು. ಮನೆಗೂಡಿನೊಳಗೆ ಬಗ್ಗಿ ನೋಡುವಂತೆ ಅವನ ಮುಖವನ್ನು ಮೇಲಿನಿಂದ ಕೆಳಗೆ ನೋಡಿದಳು. ಬಾಯಿ ತೆರೆದಳು. ಆಮೇಲೆ ಅವಳು ಬಾಯಿ ಮುಚ್ಚಿ, ಗಳವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ, ದಾರಿಯಲ್ಲಿ ಕಲ್ಲೊಂದು ಬಿದ್ದಿದ್ದರೆ ಹೇಗೆ ಬಳಸಿ ಹೋಗುತ್ತಾರೋ ಹಾಗೆ ಬಳಸಿ ನಡೆದುಹೋದಳು. ಮುಂದಿನ ಸುಗ್ಗಿಯಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ ಹಾಗೆಯೇ. ಒಂದು ಮಾತು ಬಂದೀತೆಂದು ಅವನು ಏಳಲಿಲ್ಲ. ಏಳದವನು ಕ್ರಮೇಣ ಕಲ್ಲಾದ ಎನ್ನುತ್ತಾರೆ. ಮೊದಲು ಕಲ್ಲಾದದ್ದು ತಲೆ, ಅಲ್ಲಿ ಹೆಚ್ಚು ಕೆಲಸವಿರಲಿಲ್ಲ ಎಂದು ಮುದೇನಕೊಪ್ಪದವರು ಸೇರಿಸುತ್ತಾರೆ.

ಈಗ ಊರಲ್ಲಿ ಎಲ್ಲರ ಮನೆಯಲ್ಲೂ ಗ್ಯಾಸು. ಮಸಿಗೆ ಬರ ಬಂದು, ಬಂಡೆಯ ಪಕ್ಕದ ಚಹಾದಂಗಡಿಯವನು ತನ್ನ ಒಲೆಯ ಮಸಿಯನ್ನೇ ಪೊಟ್ಟಣ ಕಟ್ಟಿ ಇಟ್ಟಿದ್ದಾನೆ. ರಜೆಯ ದಿನ ಬಂದವರು ಫೋನು ಹಿಡಿದು ನಗುನಗುತ್ತಾ ಬೈಯುತ್ತಾರೆ, ಮಳೆ ಬಂದಾಗ ಅವರು ಎರಚಿದ್ದೆಲ್ಲ ತೊಳೆದುಹೋಗುತ್ತದೆ, ಅಡಿಯ ಕಪ್ಪು ಹಾಗೆಯೇ ಇರುತ್ತದೆ. ಹತ್ತಿರ ಹೋಗಿ ನೋಡಿದರೆ ಬಂಡೆಯ ತಲೆ ಒಂದು ಮಗ್ಗುಲಿಗೆ ವಾಲಿರುವುದು ಕಾಣುತ್ತದೆ, ದಾರಿಯ ಕಡೆ ಕಿವಿ ಕೊಟ್ಟವರ ಹಾಗೆ. ಹುಲಿಗೆವ್ವನ ವಂಶದವರೆಂದು ಹೇಳಿಕೊಳ್ಳುವ ಹೆಂಗಸರು ಈಗ ಊರೂರಿಗೆ ಈಚಲ ಪೊರಕೆ ಮಾರಲು ಬರುತ್ತಾರೆ. ದಾರಿಯುದ್ದಕ್ಕೂ ಅವರ ಬಾಯಿಗೆ ಬಿಡುವಿರುವುದಿಲ್ಲ. ಬಂಡೆ ಹತ್ತಿರವಾದಾಗ ಮಾತು ನಿಲ್ಲಿಸುತ್ತಾರೆ, ಪೊರಕೆಯ ಹೊರೆಯನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ, ಬಂಡೆ ದಾಟಿ ಹೋದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ.