ಕೋಗಿಲೆ ಹಾಕದ ಹಾಡು

ಹಕ್ಕಿಗಳ ಅಂತರ್ಜಾಲದಲ್ಲಿ ಯಾರು ಬೇಕಾದರೂ ನಿರ್ಭಯವಾಗಿ ಹಾಡಬಹುದೆಂದು ಆಗ ಎಲ್ಲ ಹಕ್ಕಿಗಳೂ ನಂಬಿದ್ದವು. ಒಂದು ಹೆಣ್ಣು ಕೋಗಿಲೆ ತನ್ನ ಮೊದಲ ಹಾಡನ್ನು ಹಾಕಲು ಸಿದ್ಧವಾಗಿ ಕುಳಿತಿತ್ತು. ಅಷ್ಟರಲ್ಲಿ ಇನ್ನೊಂದು ಕೋಗಿಲೆ ಮುಖ ತೋರಿಸದೆ ಹಾಡು ಹಾಕಿತು. ಹೆಣ್ಣಿರಬೇಕೆಂದು ಕಾಗೆಗಳು ಮುಗಿಬಿದ್ದವು.

“ಏನಮ್ಮಾ, ಮನೇಲಿ ಕೆಲಸ ಇಲ್ವಾ?”

“ಅಜ್ಜಿಯಾಗೋ ವಯಸ್ಸಲ್ಲಿ ಇದೆಲ್ಲ ಬೇಕಾ? ಯಾವ ಮರದಲ್ಲಿರ್ತೀಯ ಹೇಳು, ಬರ್ತೀವಿ.”

“ನಾನು ಗಂಡು,” ಎಂದು ಬರೆಯಿತು ಹಾಡಿದ ಕೋಗಿಲೆ.

“ಅಯ್ಯೋ, ಗೊತ್ತಾಗಲಿಲ್ಲ, ಕ್ಷಮಿಸಿ ಸ್ವಾಮಿ! ಎಂಥಾ ಕಂಠ ನಿಮ್ಮದು! ಇನ್ನೊಂದು ಹಾಡಿ,” ಎಂದವು ಕಾಗೆಗಳು.

ಕಾವಲಿಗಿದ್ದ ಗೂಬೆ, ಕಾಗೆಗಳು ಕ್ಷಮೆ ಕೇಳಿದ್ದರಿಂದ ಜಾಲ ಎಲ್ಲರಿಗೂ ಸುರಕ್ಷಿತವಾಗಿದೆ ಎಂದು ಸಾರಿತು. ಹೆಣ್ಣು ಕೋಗಿಲೆ ಎಲ್ಲವನ್ನೂ ಓದಿ ತನ್ನ ಹಾಡನ್ನು ಅಳಿಸಿಹಾಕಿತು.

ಕೋಗಿಲೆಗಳಲ್ಲಿ ಇಂದಿಗೂ ಹಾಡುವುದು ಗಂಡು ಮಾತ್ರ.